ಕಾರವಾರದ ಸುಂಕದವನು: ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕಿನ್ನರ ಚರಿತ್ರೆ

ನಮ್ಮ ಚಳ್ಳಕೆರೆ ಮೊಳಕಾಲ್ಮುರು ಸೀಮೆಗೆ ವರ್ಗವಾಗಿ ಬರುವ ನೌಕರರಲ್ಲಿ ಅನೇಕರು, ಬಂದ ದಿನದಿಂದಲೇ ಹೋಗುವ ದಿನವನ್ನು ಎಣಿಸತೊಡಗುವುದನ್ನು ನಾವು ಕಂಡಿದ್ದೇವೆ. ಬಿಸಿಲು ಹೆಚ್ಚು, ಮಳೆ ಕಡಿಮೆ, ಕಣ್ಣಿಗೆ ನೋಡತಕ್ಕದ್ದು ಏನೂ ಇಲ್ಲ ಎಂಬುದು ಅವರ ದೂರು. ಅವರನ್ನು ಮಾತ್ರ ಆಕ್ಷೇಪಿಸುವುದು ಯಾಕೆ? ನಮ್ಮ ಸಭೆಗಳಿಂದ ಉದ್ಯೋಗದ ನಿಮಿತ್ತ ಪರಸ್ಥಳಗಳಿಗೆ ಹೋದ ಯೌವನಸ್ಥರೂ ಇದೇ ಮಾತನ್ನು ಹೇಳಿಕಳುಹಿಸುತ್ತಾರೆ. ದೇಹವು ಒಂದು ಊರಿನಲ್ಲಿರುತ್ತದೆ, ಮನಸ್ಸು ಮತ್ತೊಂದರಲ್ಲಿರುತ್ತದೆ. ಹೀಗಿರುವವನು ಎರಡೂ ಊರುಗಳಿಗೆ ಪ್ರಯೋಜನವಿಲ್ಲದವನಾಗುತ್ತಾನೆ. ಇಂಥವರ ನೆನಪಿನಿಂದಲೇ ನಾವು ಈ ತಿಂಗಳು ಒಬ್ಬ ಪರದೇಶಸ್ಥರ ಚರಿತ್ರೆಯನ್ನು ಬರೆಯುತ್ತಿದ್ದೇವೆ. ಅವರು ಬಹಳ ವರ್ಷಗಳ ಹಿಂದೆ ನಮ್ಮ ನಾಡಿನ ಪಡುವಣ ಕಡಲ ತೀರದಲ್ಲಿ, ಹುಲಿಯೂ ಹಾವೂ ಚಳಿಜ್ವರವೂ ತುಂಬಿದ್ದ ಕಾಡಿನ ಅಂಚಿನಲ್ಲಿ ವಾಸಮಾಡಿದರು. ಜನರು ಶಿಕ್ಷೆಯೆಂದು ಹೆದರುತ್ತಿದ್ದ ಸ್ಥಳವನ್ನೇ ಅವರು ಪಾಠಶಾಲೆಯಾಗಿ ಮಾಡಿಕೊಂಡರು. ಅವರ ಹೆಸರು ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕಿನ್. ತಮ್ಮ ಹೆಸರಿನ ಮೊದಲ ಅಕ್ಷರಗಳಾದ ಇ, ಎಚ್, ಎ ಎಂಬ ಮೂರನ್ನು ಸೇರಿಸಿ ಪುಸ್ತಕಗಳಿಗೆ ಅಂಕಿತ ಹಾಕುತ್ತಿದ್ದುದರಿಂದ, ಇಂಗ್ಲಿಷ್ ಓದುವವರಲ್ಲಿ ಆ ಮೂರಕ್ಷರಗಳೇ ಪ್ರಸಿದ್ಧವಾದವು.

ಏಟ್ಕಿನ್ನರು 1851ನೆಯ ಇಸವಿ ಆಗಸ್ಟ್ 16ರಂದು ಮುಂಬಯಿ ಇಲಾಖೆಯ ಸಾತಾರಾ ಊರಿನಲ್ಲಿ ಜನಿಸಿದರು. ಅವರ ತಂದೆ ಜೇಮ್ಸ್ ಏಟ್ಕಿನ್ ಎಂಬವರು ಸ್ಕಾಟ್ಲೆಂಡಿನ ಫ್ರೀ ಚರ್ಚ್ ಸಭೆಯ ಮಿಶನರಿಯಾಗಿದ್ದರು. ಬಾಲ್ಯದಲ್ಲಿ ತಂದೆಯೇ ಗುರುವಾಗಿ ಮನೆಯಲ್ಲಿ ಕಲಿಸಿದರು. ಆದಕಾರಣ ಸತ್ಯವೇದದ ಮಾತುಗಳೂ ಮನುಷ್ಯರೂ ಆ ಹುಡುಗನಿಗೆ ಸ್ವಂತ ನೆರೆಹೊರೆಯಂತೆ ಪರಿಚಿತವಾದವು. ಬಳಿಕ ಅವರು ಮುಂಬಯಿಯಲ್ಲಿಯೂ ಪುಣೆಯಲ್ಲಿಯೂ ವಿದ್ಯಾಭ್ಯಾಸ ಮಾಡಿ, ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಮೊದಲನೆಯವರಾಗಿ ತೇರ್ಗಡೆ ಹೊಂದಿದರು. 1870ರಿಂದ 1876ರ ವರೆಗೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಲ್ಯಾಟಿನ್ ಭಾಷೆಯನ್ನು ಕಲಿಸಿದರು. ಇಷ್ಟು ಓದಿದವರು ದೊಡ್ಡ ಪಟ್ಟಣದಲ್ಲಿ ಪಂಡಿತರಾಗಿ ಉಳಿಯುವರೆಂದು ಯಾರಾದರೂ ಎಣಿಸಿಯಾರು. ಆದರೆ 1876ರ ಏಪ್ರಿಲಿನಲ್ಲಿ ಅವರು ಸರಕಾರದ ಸುಂಕ ಮತ್ತು ಉಪ್ಪಿನ ಇಲಾಖೆಯನ್ನು ಸೇರಿದರು.

ಸುಂಕದವನೆಂಬ ಹೆಸರು ಸುವಾರ್ತೆಯ ಕಾಲದಲ್ಲಿಯೇ ಬೈಗುಳವಾಗಿತ್ತೆಂಬುದನ್ನು ನಮ್ಮ ವಾಚಕರು ಬಲ್ಲರು. ಇಂಗ್ಲಿಷರ ಆಳಿಕೆಯಲ್ಲಿಯೂ ಅದು ಗೌರವದ ಹೆಸರಾಗಿರಲಿಲ್ಲ. ಉಪ್ಪಿಗೆ ತೆರಿಗೆ ಹಾಕಿದರೆ ಅದರ ಭಾರವು ಬಡವನ ಅಂಬಲಿಯ ಮೇಲೆಯೇ ಹೆಚ್ಚಾಗಿ ಬೀಳುತ್ತದೆ. ಯಾಕಂದರೆ ಬಡವನಿಗೆ ಬೇಕಾಗುವ ಉಪ್ಪು ಧನಿಕನಿಗೆ ಬೇಕಾಗುವುದಕ್ಕಿಂತ ಕಡಿಮೆಯಲ್ಲ. 1930ರಲ್ಲಿ ಇದೇ ಉತ್ತರ ಕನ್ನಡದ ಅಂಕೋಲೆಯಲ್ಲಿ ಜನರು ಕಟ್ಟಳೆಯನ್ನು ಮೀರಿ ಕಡಲ ನೀರಿನಿಂದ ಉಪ್ಪು ಮಾಡಿದ್ದೂ ಸೆರೆಮನೆಗೆ ಹೋದದ್ದೂ ಈ ಅನ್ಯಾಯದ ನಿಮಿತ್ತವೇ. ಏಟ್ಕಿನ್ನರು ಅಂಥ ಇಲಾಖೆಯಲ್ಲಿ ಮೂವತ್ತು ವರ್ಷ ಸೇವೆ ಮಾಡಿದರೆಂಬುದನ್ನು ಮರೆಮಾಡಿ ನಾವು ಅವರನ್ನು ಹೊಗಳಲಾರೆವು. ಅವರು ಕೂತ ಕಟ್ಟೆಯು ಸುಂಕದ ಕಟ್ಟೆಯೇ. ಆ ಕಟ್ಟೆಯ ಮೇಲೆ ಕೂತು ಅವರ ಕಣ್ಣು ಏನನ್ನು ನೋಡಿತೆಂಬುದೇ ಈ ಚರಿತ್ರೆಯ ಸಾರಾಂಶ.

ಮೊದಲು ಅವರಿಗೆ ದೊರಕಿದ ಸ್ಥಳಗಳಲ್ಲೊಂದು ಗುಜರಾತಿನ ಖಾರಾಘೋಡಾ. ಕಛ್ ರಣದ ಅಂಚಿನಲ್ಲಿ, ಉಪ್ಪು ಬೆಳೆಯುವ ಬಯಲಿನಲ್ಲಿ ಇರುವ ಈ ಊರಿನಲ್ಲಿ ಮರಗಳು ವಿರಳ, ಧೂಳು ಅಪಾರ. ತಮ್ಮ ಪುಸ್ತಕದಲ್ಲಿ ಅವರು ಅದಕ್ಕೆ ಧೂಳೂರೆಂಬ ಅರ್ಥದ ಹೆಸರನ್ನು ಇಟ್ಟರು. ನಮ್ಮ ಚಳ್ಳಕೆರೆಯ ಬೇಸಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಒಬ್ಬಂಟಿಯಾಗಿದ್ದ ಯೌವನಸ್ಥನು ಏನು ಮಾಡಿದನು? ಆ ದಿನಗಳಲ್ಲಿ ದೊರೆಗಳು ದೇಶದ ವಾಯವ್ಯ ಗಡಿಯ ಪಂಗಡಗಳ ಸಂಗಡ ನಡೆಸಿದ ಯುದ್ಧಗಳನ್ನು ಹೇಳಿ ಜಂಬಪಡುತ್ತಿದ್ದರು. ಏಟ್ಕಿನ್ನರು ನಗುತ್ತಾ ತನ್ನ ಬಂಗಲೆಯ ಇಲಿ, ಹಲ್ಲಿ, ಇರುವೆ, ಕಾಗೆ, ಕಪ್ಪೆ, ಸೊಳ್ಳೆಗಳನ್ನೇ ತನ್ನ ಗಡಿಯ ಪಂಗಡಗಳೆಂದು ಕರೆದು, ಅವುಗಳ ನಡೆನುಡಿಗಳನ್ನು ಬರೆದರು. ದ ಟ್ರೈಬ್ಸ್ ಆನ್ ಮೈ ಫ್ರಂಟಿಯರ್ ಎಂಬ ಆ ಪುಸ್ತಕವು 1883ರಲ್ಲಿ ಹೊರಬಂದು ಅವರಿಗೆ ಹೆಸರು ತಂದಿತು. ಬೇರೆಯವರಿಗೆ ಬೇಸರ ತರುವ ಊರಿನಲ್ಲಿ ಅವರಿಗೆ ಬೇಸರಕ್ಕೆ ಪುರುಸೊತ್ತೇ ಇರಲಿಲ್ಲ.

ಅದೇ 1883 ಅವರ ಬಾಳಿನಲ್ಲಿ ಬೇರೆ ಎರಡು ಕಾರಣಗಳಿಂದಲೂ ಮುಖ್ಯವಾದ ವರ್ಷ. ಬ್ಲೇಕ್ ಎಂಬ ಪಾದ್ರಿಗಳ ಮಗಳೊಂದಿಗೆ ಅವರ ವಿವಾಹವಾದದ್ದು ಆ ವರ್ಷದಲ್ಲಿ. ಅವರಿಗೆ ಮುಂದೆ ಇಬ್ಬರು ಗಂಡುಮಕ್ಕಳೂ ಮೂವರು ಹೆಣ್ಣುಮಕ್ಕಳೂ ಆದರು. ಸಪ್ಟಂಬರ್ 15ರಂದು ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಎಂಟು ಮಂದಿ ಕೂಡಿಬಂದು, ಮೃಗ ಪಕ್ಷಿ ಕೀಟಗಳ ವಿಷಯವಾಗಿ ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ತಿಳಿಸುವುದಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಆ ಎಂಟರಲ್ಲಿ ಏಟ್ಕಿನ್ನರು ಒಬ್ಬರು; ಆತ್ಮಾರಾಮ ಪಾಂಡುರಂಗ, ಸಖಾರಾಮ ಅರ್ಜುನ ಎಂಬ ನಮ್ಮ ದೇಶದ ಇಬ್ಬರು ವೈದ್ಯರೂ ಇದ್ದರು. ಎಂಟು ಮಂದಿಯಿಂದ ಆರಂಭವಾದ ಈ ಮುಂಬಯಿ ನಿಸರ್ಗ ಇತಿಹಾಸ ಸಂಘವು ಇಂದಿಗೂ ಕೆಲಸ ಮಾಡುತ್ತಾ ಇದೆ.

ಮುಂಬಯಿಯಿಂದ ತೆಂಕಣಕ್ಕೆ, ಉತ್ತರ ಕನ್ನಡಕ್ಕೂ ಗೋವೆಯ ಗಡಿಗೂ ಅವರಿಗೆ ವರ್ಗವಾಯಿತು. 1890ರ ಸುಮಾರಿಗೆ ಅವರು ಕಾರವಾರದ ಸೀಮೆಯಲ್ಲಿದ್ದರು. ಸಮುದ್ರವನ್ನು ಕಾಣದ ನಮ್ಮ ವಾಚಕರ ಸಲುವಾಗಿ ಆ ದೇಶದ ರೀತಿಯನ್ನು ಸ್ವಲ್ಪ ಹೇಳುತ್ತೇವೆ. ಉತ್ತರ ಕನ್ನಡವು 1862ರಲ್ಲಿ ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿ ಇಲಾಖೆಗೆ ಸೇರಿತು. ಕಾರವಾರವು ಅದರ ಮುಖ್ಯ ಪಟ್ಟಣವಾಯಿತು. ಉತ್ತರದಲ್ಲಿ ಗೋವೆ, ಅದು 1961ರ ವರೆಗೂ ಪೋರ್ಚುಗೀಸರ ಕೈಯಲ್ಲಿತ್ತು. ಆದಕಾರಣ ಗಡಿಯುದ್ದಕ್ಕೂ ಕಾಡಿನ ದಾರಿಗಳಲ್ಲಿ ಸುಂಕದ ಠಾಣೆಗಳಿದ್ದವು. ಮೂಡಣಿಂದ ಸಹ್ಯಾದ್ರಿಯ ಬೆಟ್ಟಗಳು ಇಳಿದಿಳಿದು ಕಡಲ ತನಕವೇ ಬರುತ್ತವೆ. ಕಾಳಿ ನದಿಯು ಅವುಗಳ ನಡುವೆ ದಾರಿ ಮಾಡಿಕೊಂಡು ಕಾರವಾರದ ಬಳಿಯಲ್ಲಿ ಸಮುದ್ರವನ್ನು ಸೇರುತ್ತದೆ. ನಮ್ಮಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಮಳೆಯಾದರೆ ಸುಭಿಕ್ಷವೆಂದು ದೇವರನ್ನು ಸ್ತುತಿಸುತ್ತೇವೆ. ಅಲ್ಲಿ ಸುಮಾರು 3000 ಬೀಳುತ್ತದೆ. ಜೂನ್ ತಿಂಗಳು ಹುಟ್ಟಿದರೆ ನಾಲ್ಕು ತಿಂಗಳು ಕೊಡೆಯನ್ನು ಮಡಚುವಂತಿಲ್ಲ. ಆ ಕಾಡಿನಲ್ಲಿ ಹುಲಿ, ಚಿರತೆ, ಕಾಡುಕೋಣ, ಕಾಳಿಂಗಸರ್ಪ. ಮರದ ಮೇಲೆ ಕೆಂದಳಿಲು. ಕೊಕ್ಕಿನ ಮೇಲೆ ಮತ್ತೊಂದು ಕೊಕ್ಕಿದ್ದಂತೆ ತೋರುವ ಮಂಗಟ್ಟೆ ಹಕ್ಕಿ. ಹೊಳೆಯಲ್ಲಿ ನೀರುನಾಯಿ, ಕಡಲ ಮೇಲೆ ಬಿಳಿ ಹೊಟ್ಟೆಯ ಗಿಡುಗ. ಅದರ ಒಂದು ಭಾಗವು 2007ರಿಂದ ಹುಲಿಗಳ ರಕ್ಷಿತಾರಣ್ಯವಾಗಿದ್ದು, 2015ರಿಂದ ಕಾಳಿಯ ಹೆಸರನ್ನು ಹೊಂದಿದೆ.

ಇಂಥ ಸ್ಥಳಕ್ಕೆ ಬಂದ ದೊರೆಗಳು ಸಾಮಾನ್ಯವಾಗಿ ಬಂದೂಕನ್ನು ಹಿಡಿದು ದೊಡ್ಡ ಮೃಗವನ್ನು ಹುಡುಕುತ್ತಿದ್ದರು. ಏಟ್ಕಿನ್ನರ ಕಣ್ಣು ಹೆಚ್ಚಾಗಿ ಹೋದದ್ದು ಸಣ್ಣ ಪ್ರಾಣಿಗಳ ಕಡೆಗೆ. ಆ ಕಾಡುಗಳಲ್ಲಿ ಚಗಳಿ ಎಂಬ ಕೆಂಪು ಇರುವೆ ಇದೆ. ಅದು ಮರದ ಹಸಿರೆಲೆಗಳನ್ನು ಜೋಡಿಸಿ ಗೂಡು ಕಟ್ಟುತ್ತದೆ. ಕೆಲವು ಇರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚುಗಳನ್ನು ಹಲ್ಲಿನಿಂದ ಹಿಡಿದು ಹತ್ತಿರಕ್ಕೆ ಎಳೆಯುತ್ತವೆ. ಉಳಿದವು ತಮ್ಮ ಮರಿಹುಳಗಳನ್ನು ಬಾಯಲ್ಲಿ ಹಿಡಿದು ತಂದು, ನೇಕಾರನು ಲಾಳಿಯನ್ನು ಆಡಿಸುವಂತೆ ಆ ಕಡೆಗೂ ಈ ಕಡೆಗೂ ಆಡಿಸುತ್ತವೆ. ಮರಿಯ ಬಾಯಿಂದ ಬರುವ ರೇಷ್ಮೆಯ ನೂಲು ಎಲೆಗಳನ್ನು ಹೊಲಿಯುತ್ತದೆ. ಮೊಳಕಾಲ್ಮುರಿನಲ್ಲಿ ಮಗ್ಗದ ಮುಂದೆ ಕೂರುವ ನಮ್ಮ ಸಹೋದರರು ಇದನ್ನು ಓದಿ ಸಂತೋಷಪಡುವರೆಂದು ನಂಬುತ್ತೇವೆ. ಸೊಲೊಮೋನನು ಸೋಮಾರಿಯನ್ನು ಇರುವೆಯ ಬಳಿಗೆ ಕಳುಹಿಸಿದನಷ್ಟೆ. ಏಟ್ಕಿನ್ನರು ಸೋಮಾರಿಯಲ್ಲದಿದ್ದರೂ ಹೋಗಿ ಈ ಗೂಡುಗಳನ್ನು ನೋಡಿ, 1890ರಲ್ಲಿ ಅವುಗಳ ವಿಷಯವಾಗಿ ಮುಂಬಯಿ ಸಂಘದ ಪತ್ರಿಕೆಗೆ ಬರೆದರು.

ಅವರಿಗೆ ಅಲ್ಲಿ ಇಬ್ಬರು ಸಂಗಡಿಗರು ದೊರಕಿದರು. ಒಬ್ಬರು ಜಿಲ್ಲೆಯ ಕಲೆಕ್ಟರರಾಗಿದ್ದ ಡೇವಿಡ್ಸನ್, ಇನ್ನೊಬ್ಬರು ಅರಣ್ಯ ಇಲಾಖೆಯ ತರುಣರಾದ ಬೆಲ್. ಮೂವರೂ ಸೇರಿ ಚಿಟ್ಟೆಗಳ ಕಂಬಳಿಹುಳಗಳನ್ನು ಮನೆಯಲ್ಲಿ ಸಾಕಿದರು. ಇದು ಆಟದ ಕೆಲಸವಲ್ಲ. ಒಂದೊಂದು ಜಾತಿಯ ಹುಳವು ತನಗೆ ನೇಮಕವಾದ ಗಿಡದ ಎಲೆಯನ್ನು ಹೊರತು ಬೇರೆಯದನ್ನು ಮುಟ್ಟುವುದಿಲ್ಲ. ಈಗ ನಮ್ಮ ರಾಜ್ಯದ ಚಿಟ್ಟೆಯೆನಿಸಿರುವ, ಕಪ್ಪು ಹಳದಿ ಬಣ್ಣದ ಆ ಮಹಾ ಚಿಟ್ಟೆಯ ಹುಳವು ಈಶ್ವರಿ ಬಳ್ಳಿಯ ಜಾತಿಯ ಎಲೆಗಳನ್ನು ತಿನ್ನುತ್ತದೆ. ಆ ಎಲೆಯ ವಿಷವು ಹುಳದ ದೇಹದಲ್ಲಿ ಸೇರಿ ಅದನ್ನು ಹಕ್ಕಿಗಳಿಂದ ಕಾಯುತ್ತದೆ. ಹೀಗೆ ಹುಳವನ್ನು ತಿಳಿಯಬೇಕಾದರೆ ಗಿಡವನ್ನು ತಿಳಿಯಬೇಕು, ದಿನದಿನವೂ ಹೊಸ ಎಲೆ ತರಬೇಕು, ಅದು ಎಂದು ಪೊರೆ ಕಳಚಿತು, ಎಂದು ಗೂಡಾಯಿತು, ಎಂದು ರೆಕ್ಕೆ ಬಿಚ್ಚಿತು ಎಂಬುದನ್ನು ಬರೆದಿಡಬೇಕು. ಉತ್ತರ ಕನ್ನಡದ ಚಿಟ್ಟೆಗಳನ್ನು ಕುರಿತು ಈ ಮೂವರು ಬರೆದ ಲೇಖನಗಳು 1896–97ರಲ್ಲಿ ಪ್ರಕಟವಾಗಿ, ಇಂದಿಗೂ ಚಿಟ್ಟೆಗಳನ್ನು ಅಭ್ಯಾಸಮಾಡುವವರಿಗೆ ಆಧಾರವಾಗಿವೆ. ಬೆಲ್ ಅವರಂತೂ ಆ ನಾಡನ್ನು ಬಿಟ್ಟುಹೋಗಲಾರದೆ, ನೌಕರಿಯಿಂದ ನಿವೃತ್ತರಾದ ಮೇಲೆಯೂ ಕಾರವಾರದಲ್ಲಿಯೇ ವಾಸಮಾಡಿ, 1948ರಲ್ಲಿ ಅಲ್ಲಿಯೇ ತೀರಿಹೋದರು. ಕಾರವಾರದ ಕಾಡಿನ ಅಲೆದಾಟಗಳಿಂದ ಹುಟ್ಟಿದ ಏಟ್ಕಿನ್ನರ ಪುಸ್ತಕವು ಎ ನ್ಯಾಚುರಲಿಸ್ಟ್ ಆನ್ ದ ಪ್ರೌಲ್. ಅದು 1894ರಲ್ಲಿ ಅಚ್ಚಾಯಿತು.

ಇಷ್ಟು ಹೇಳಿ ಇವರ ಕುಂದನ್ನು ಹೇಳದಿದ್ದರೆ ನಮ್ಮ ಬರಹವು ಸತ್ಯವಾಗದು. ಬಿಹೈಂಡ್ ದ ಬಂಗಲೋ ಎಂಬ 1889ರ ಪುಸ್ತಕದಲ್ಲಿ ಅವರು ದೊರೆಗಳ ಮನೆಯ ಅಡಿಗೆಯವನು, ಬಟ್ಲರನು, ಆಯಾ, ಅಗಸ, ಕುದುರೆ ನೋಡಿಕೊಳ್ಳುವವನು ಮೊದಲಾದ ಆಳುಗಳನ್ನು ಚಿತ್ರಿಸಿದ್ದಾರೆ. ಅದರಲ್ಲಿ ನಗೆಯುಂಟು, ಅಲ್ಲಲ್ಲಿ ಪ್ರೀತಿಯೂ ಉಂಟು. ಆದರೂ ಒಡೆಯನು ಆಳನ್ನು ನೋಡಿ ನಗುವ ನಗೆಯೇ ಅದು. ಇರುವೆಯ ಮುಂದೆ ಮೊಣಕಾಲೂರಿ ಕೂತು ತಿಳಿದುಕೊಂಡವರು, ತನ್ನ ಅನ್ನವನ್ನು ಬೇಯಿಸುವವನ ದುಃಖವನ್ನು ಅಷ್ಟು ತಾಳ್ಮೆಯಿಂದ ವಿಚಾರಿಸಲಿಲ್ಲವಲ್ಲಾ ಎಂದು ಓದುವವರಿಗೆ ತೋರುತ್ತದೆ. ನಮ್ಮ ಹಿರಿಯರಲ್ಲಿ ಅನೇಕರು ಅಂಥ ಬಂಗಲೆಗಳ ಹಿಂಬದಿಯಲ್ಲಿಯೇ ಬದುಕಿದವರಾದುದರಿಂದ ಈ ಮಾತು ನಮಗೆ ನಾಟುತ್ತದೆ. ತನ್ನ ಕಾಲದ ದೋಷವು ಒಳ್ಳೆಯವನ ಕಣ್ಣಿಗೂ ಪೊರೆಯಾಗಿ ಕವಿಯುತ್ತದೆಂದು ಇದರಿಂದ ಕಲಿಯೋಣ.

ಆದರೆ ಅವರ ವಿದ್ಯೆಯು ಬಡ ಜವಾನರ ಪ್ರಾಣಕ್ಕಾಗಿ ಕೆಲಸಮಾಡುವ ಒಂದು ಕಾಲವು ಬಂತು. ಗೋವೆಯ ಗಡಿಯ ಠಾಣೆಗಳಲ್ಲಿ ಕಾವಲಿದ್ದವರು ಉಪ್ಪಿನ ಇಲಾಖೆಯ ಜವಾನರು. ಅವರು ಕಾಡಿನ ತೊರೆಗಳ ಬದಿಯಲ್ಲಿ ಗುಡಿಸಲು ಹಾಕಿಕೊಂಡು ಇರುಳೆಲ್ಲಾ ಎಚ್ಚರವಾಗಿರಬೇಕಾಗಿತ್ತು. ಅಲ್ಲಿ ಬಡಿಯುವ ಚಳಿಜ್ವರವು ಎಷ್ಟು ಘೋರವೆಂದರೆ, ಆ ಗಡಿಯ ಸೇವೆಯೆಂದರೆ ಎಲ್ಲರೂ ನಡುಗುತ್ತಿದ್ದರು. ಜ್ವರಕ್ಕೆ ಕಾರಣವು ಜವುಗು ನೆಲದಿಂದೇಳುವ ಕೆಟ್ಟ ಗಾಳಿ ಎಂದು ಲೋಕವು ಬಹುಕಾಲ ನಂಬಿತ್ತು. ಮಲೇರಿಯವೆಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯರು ಸೊಳ್ಳೆಯ ಹೊಟ್ಟೆಯನ್ನು ಸೀಳಿ, ಸೂಕ್ಷ್ಮದರ್ಶಕದ ಕೆಳಗೆ ಜ್ವರದ ಅಣುಜೀವಿಯನ್ನು ಕಂಡರು. ಆಗ ತಿಳಿದುಬಂತು, ಅನಾಫಿಲಿಸ್ ಎಂಬ ಪಂಗಡದ ಸೊಳ್ಳೆಗಳೇ ಜ್ವರವನ್ನು ರೋಗಿಯಿಂದ ಸ್ವಸ್ಥನಿಗೆ ಸಾಗಿಸುತ್ತವೆಂದು. ಆದರೆ ಆ ಪಂಗಡದಲ್ಲಿ ಯಾವ ಜಾತಿಗಳು ಎಲ್ಲೆಲ್ಲಿ ಹುಟ್ಟುತ್ತವೆಂಬುದನ್ನು ಕಾಡಿಗೆ ಹೋಗಿ ನೋಡುವವರು ಬೇಕಾಗಿದ್ದರು.

1902ರಲ್ಲಿ ಸರಕಾರವು ಏಟ್ಕಿನ್ನರನ್ನು ಈ ಕೆಲಸಕ್ಕೆ ನೇಮಿಸಿತು. ಗಡಿಯ ಠಾಣೆಗಳಲ್ಲಿ ಜ್ವರವು ಹೇಗಿದೆಯೆಂದು ಶೋಧಿಸಿ, ಜವಾನರ ವಾಸಸ್ಥಳಗಳನ್ನು ಸೊಳ್ಳೆಗಳ ನೆರೆಯಿಂದ ದೂರಮಾಡುವ ಉಪಾಯವನ್ನು ಸೂಚಿಸುವುದು ಅವರ ಪಾಲಿಗೆ ಬಂದ ಕೆಲಸ. ಆಗ ಅವರಿಗೆ ವಯಸ್ಸು ಐವತ್ತು ದಾಟಿತ್ತು. ಬಂಗಲೆಯ ಸೊಳ್ಳೆಯನ್ನು ತಮಾಷೆಯಾಗಿ ಗಡಿಯ ಪಂಗಡವೆಂದು ಕರೆದಿದ್ದವರು, ಈಗ ನಿಜವಾದ ಗಡಿಯಲ್ಲಿ, ನಿಜವಾದ ವೈರಿಯಾದ ಸೊಳ್ಳೆಯನ್ನು ಹುಡುಕುತ್ತಾ ತೊರೆಯಿಂದ ತೊರೆಗೆ ನಡೆದರು. ಆ ಸಂಚಾರದಲ್ಲಿ ಅವರು ಹಿಡಿದ ಸೊಳ್ಳೆಗಳಲ್ಲಿ ಒಂದು ಅದುವರೆಗೆ ಯಾರೂ ಗುರುತಿಸದ ಜಾತಿಯದಾಗಿತ್ತು. ಜೇಮ್ಸ್ ಎಂಬ ಸೈನ್ಯದ ವೈದ್ಯರು ಅದನ್ನು ಪರೀಕ್ಷಿಸಿ, ಕಂಡುಹಿಡಿದವರ ಹೆಸರನ್ನೇ ಅದಕ್ಕೆ ಇಟ್ಟರು. ಇಂದಿಗೂ ಅದು ಅನಾಫಿಲಿಸ್ ಏಟ್ಕಿನಿಯೈ ಎಂದೇ ಪುಸ್ತಕಗಳಲ್ಲಿ ಕರೆಯಲ್ಪಡುತ್ತದೆ. ಅರಸರು ತಮ್ಮ ಹೆಸರನ್ನು ಕೋಟೆಗಳಿಗೂ ಪಟ್ಟಣಗಳಿಗೂ ಇಡುತ್ತಾರೆ. ಈ ಸುಂಕದವರ ಹೆಸರು ಒಂದು ಸೊಳ್ಳೆಯ ಮೇಲೆ ಉಳಿಯಿತು. ಆದರೂ ಜ್ವರದಿಂದ ನಡುಗುವ ಜವಾನನ ಗುಡಿಸಲಿನ ಬಾಗಿಲಿಗೆ ಹೋದ ವಿದ್ಯೆಯ ಗುರುತು ಅದು. ಆದಕಾರಣ ನಾವು ಅದನ್ನು ಸಣ್ಣ ಗೌರವವೆಂದು ಎಣಿಸೆವು.

1903ರ ಮೇ ತಿಂಗಳಲ್ಲಿ ಅವರು ಕರಾಚಿಯಲ್ಲಿ ಸುಂಕದ ಮುಖ್ಯಾಧಿಕಾರಿಯಾದರು. 1905ರಿಂದ ಸಿಂಧ್ ಪ್ರಾಂತದ ಗ್ಯಾಸೆಟಿಯರನ್ನು ಬರೆಯುವ ಹೊಣೆಯನ್ನು ಹೊತ್ತರು. 1906ರ ಆಗಸ್ಟಿನಲ್ಲಿ ನಿವೃತ್ತರಾಗಿ ಕುಟುಂಬ ಸಮೇತ ಎಡಿನ್‌ಬರೋ ಪಟ್ಟಣವನ್ನು ಸೇರಿದರು. ಅಲ್ಲಿಯೂ ಸುಮ್ಮನೆ ಕೂರದೆ, ಸಾಕುಪ್ರಾಣಿಗಳನ್ನೂ ಹೂಗಿಡಗಳನ್ನೂ ಸುತ್ತಲೂ ಇಟ್ಟುಕೊಂಡು ಬರೆಯುತ್ತಿದ್ದರು. ಆದರೆ ಮೂರೇ ವರ್ಷಗಳೊಳಗೆ, 1909ರ ಏಪ್ರಿಲಿನಲ್ಲಿ, ಅಲ್ಪಕಾಲದ ಕಾಯಿಲೆಯಿಂದ ಕರ್ತನಲ್ಲಿ ನಿದ್ರೆಹೋದರು. ಆಗ ಅವರ ವಯಸ್ಸು 57. ಅವರು ಮುಂಬಯಿಯ ಸ್ಕಾಟಿಷ್ ಸಭೆಯಲ್ಲಿ ಅನೇಕ ವರ್ಷ ಹಿರಿಯರಾಗಿದ್ದರು. ಬೆಳಿಗ್ಗೆ ಹೊಸ ಒಡಂಬಡಿಕೆಯನ್ನು ಗ್ರೀಕ್ ಮೂಲದಲ್ಲಿಯೇ, ನಿಘಂಟಿನ ಸಹಾಯವಿಲ್ಲದೆ ಓದುವುದು ಅವರ ವಾಡಿಕೆಯಾಗಿತ್ತು. 1898ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಪುಸ್ತಕದ ಹೆಸರಿಗೆ ಆತ್ಮದ ಐದು ಕಿಟಕಿಗಳೆಂದು ಅರ್ಥ. ಐದು ಇಂದ್ರಿಯಗಳ ವಿಚಾರವು ಅದರಲ್ಲಿದೆ. ಬೆಳಿಗ್ಗೆ ಓದಿದ ಗ್ರಂಥಕ್ಕೂ ಹಗಲಲ್ಲಿ ಕಂಡ ಕಾಡಿಗೂ ಕರ್ತನು ಒಬ್ಬನೇ ಎಂದು ನಂಬಿದವರಿಗೆ ಈ ಕಿಟಕಿಗಳನ್ನು ಮುಚ್ಚಿಟ್ಟುಕೊಳ್ಳುವುದು ಕೃತಘ್ನತೆಯಾಗಿ ತೋರಿದರೆ ಆಶ್ಚರ್ಯವಿಲ್ಲ.

ಇಂಥ ಕಣ್ಣುಳ್ಳವರು ನಮ್ಮ ಸೀಮೆಗೂ ಬಂದಿದ್ದರು. ಬೆಂಗಳೂರಿನಲ್ಲಿ ಲಂಡನ್ ಮಿಶನಿನ ಪಾದ್ರಿಯ ಮಗನಾಗಿ ಹುಟ್ಟಿದ ಲೂಯಿಸ್ ರೈಸರು 1892ರಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದರು. ತಂದೆತಾಯಿಗಳಿಗೆ ವಿಧೇಯತೆ, ಸತ್ಯವಚನ, ಜೀವಿಗಳಲ್ಲಿ ದಯೆ ಇವುಗಳನ್ನು ಬೋಧಿಸುವ ಆ ಅಕ್ಷರಗಳು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಬಂಡೆಯ ಮೇಲಿದ್ದವು. ಕುರಿ ಕಾಯುವವರು ಆ ಬಂಡೆಗಳ ಮೇಲೆ ಕೂತು ಬುತ್ತಿ ಉಂಡಿರಬಹುದು. ನೋಡುವವನು ಬಂದ ದಿನ ಬಂಡೆಯು ಮಾತಾಡಿತು.

ಹಾಗಾದರೆ ನೋಡತಕ್ಕದ್ದು ಏನೂ ಇಲ್ಲವೆಂದು ಈ ಸೀಮೆಯ ವಿಷಯವಾಗಿ ಹೇಳುವುದು ಸರಿಯೋ? ನಮ್ಮ ಕಾವಲುಗಳಲ್ಲಿ ಬೆಳೆಯುವ ಹುಲ್ಲುಗಳಲ್ಲಿ ಎಷ್ಟರ ಹೆಸರನ್ನು ನಾವು ಬಲ್ಲೆವು? ಕೃಷ್ಣಮೃಗವನ್ನು ಕಂಡ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಮಕ್ಕಳನ್ನು ಅವರ ಬಳಿಯಲ್ಲಿ ಕೂರಿಸಿ ಕೇಳಿಸಿದ್ದೇವೋ? ಬಾವಿಯ ಮೇಲೆ ಬಾಗಿದ ಕೊಂಬೆಯಲ್ಲಿ ಗೀಜಗವು ನೇಯುವ ಗೂಡನ್ನು ಒಂದು ಗಳಿಗೆ ನಿಂತು ನೋಡಿದ್ದೇವೋ? ಇದಲ್ಲದೆ ಇನ್ನೊಂದು ಕಾರ್ಯ ಉಂಟು. ನೀರು ಕಡಿಮೆಯಾದ ಸೀಮೆಯೆಂದು ನಾವು ತೊಟ್ಟಿಗಳಲ್ಲಿಯೂ ಡ್ರಮ್ಮುಗಳಲ್ಲಿಯೂ ನೀರನ್ನು ಕೂಡಿಸಿಡುತ್ತೇವೆ. ಡೆಂಗಿ ಜ್ವರವನ್ನು ತರುವ, ಹಗಲಲ್ಲಿ ಕಚ್ಚುವ ಸೊಳ್ಳೆಯು ಇಂಥ ತಿಳಿನೀರಿನಲ್ಲಿಯೇ ಹುಟ್ಟುತ್ತದೆ. ವಾಚಕರು ಈ ದಿನವೇ ಮನೆಯ ತೊಟ್ಟಿಯನ್ನು ಬೆಳಕಿನಲ್ಲಿ ನೋಡಲಿ. ತಲೆಕೆಳಗಾಗಿ ತೂಗುತ್ತಾ, ಮುಟ್ಟಿದರೆ ಕುಣಿಯುತ್ತಾ ತಳಕ್ಕೆ ಇಳಿಯುವ ಸಣ್ಣ ಹುಳುಗಳಿದ್ದರೆ ಅವು ಸೊಳ್ಳೆಯ ಮರಿಗಳು. ನೀರಿನ ಮೇಲ್ಮೈಯಲ್ಲಿ ಹುಲ್ಲುಕಡ್ಡಿಯಂತೆ ಅಡ್ಡವಾಗಿ ಮಲಗಿದ್ದರೆ ಅವು ಏಟ್ಕಿನ್ನರು ಹುಡುಕಿಹೋದ ಅನಾಫಿಲಿಸ್ ಪಂಗಡದವು. ಮೊಟ್ಟೆಯು ಸೊಳ್ಳೆಯಾಗುವುದಕ್ಕೆ ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಆದಕಾರಣ ವಾರಕ್ಕೊಮ್ಮೆ, ಭಾನುವಾರದ ಆರಾಧನೆಗೆ ಮುಂಚಿನ ದಿನ, ತೊಟ್ಟಿಯನ್ನು ಬರಿದುಮಾಡಿ ತಿಕ್ಕಿ ಒಣಗಿಸಿ ಮುಚ್ಚಿಟ್ಟರೆ, ನಮ್ಮ ಮಕ್ಕಳೂ ನೆರೆಯವರ ಮಕ್ಕಳೂ ಜ್ವರದಿಂದ ಉಳಿಯುವರು.

ಪ್ರಿಯ ವಾಚಕರೇ, ದೂರದೂರಿಗೆ ಹೋಗಿರುವ ನಿಮ್ಮ ಮಕ್ಕಳಿಗೆ ಈ ಚರಿತ್ರೆಯನ್ನು ತಿಳಿಸಿರಿ. ತಾವು ಇರುವ ಬೀದಿಯ ಮರದ ಹೆಸರನ್ನೂ ಪಕ್ಕದ ಮನೆಯವನ ಕಷ್ಟವನ್ನೂ ಈ ವಾರದಲ್ಲಿ ಕೇಳಿ ತಿಳಿದುಕೊಳ್ಳಲಿ. ಏಟ್ಕಿನ್ನರು ಮೊದಲನೆಯದನ್ನು ಬಹು ಚೆನ್ನಾಗಿಯೂ ಎರಡನೆಯದನ್ನು ತಡವಾಗಿಯೂ ಕಲಿತರು. ನಾವು ಎರಡನ್ನೂ ಕೂಡಲೇ ಕಲಿಯಲು ಕರ್ತನು ಸಹಾಯಮಾಡಲಿ.